ನೆಟ್ ಇಲ್ಲದ ಸೈಟಿನಲ್ಲಿ ಎಕ್ಸೆಲ್: ಮೊದಲೇ ತಿಳಿದಿರಬೇಕಾದ ಮಾತು

(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ಲೆಕ್ಕ ಬರೆಯುವವರು, ಭಾಷಣ ಮಾಡಿ ಅಭ್ಯಾಸವಿಲ್ಲ. ಆದರೂ ಒಂದು ಘಟನೆ ಹೇಳಲೇಬೇಕು ಅಂತ ನಿಂತಿದ್ದೇವೆ.

ನಮ್ಮವನೇ ಒಬ್ಬ ಹುಡುಗ, ಬಂಟ್ವಾಳ ಕಡೆಯವ, ಸೌದಿಯ ಒಂದು ಸೈಟಿನಲ್ಲಿ ಟೈಮ್‌ಕೀಪರ್. ಮರುಭೂಮಿಯ ಕ್ಯಾಂಪು, ಫೋನಿಗೇ ರೇಂಜ್ ಸಿಗುವುದು ಕಷ್ಟ. ನಲವತ್ತು ಜನರ ಹಾಜರಿ, ಓವರ್‌ಟೈಮ್ ಎಲ್ಲ ಅವನ ಲ್ಯಾಪ್‌ಟಾಪಿನ ಎಕ್ಸೆಲ್ ಶೀಟಿನಲ್ಲಿ. ತಿಂಗಳ ಕೊನೆಗೆ ಶೀಟು ತೆರೆದರೆ ಓದಲಿಕ್ಕೆ ಆಗುತ್ತದೆ, ಒಂದಕ್ಷರ ಬರೆಯಲಿಕ್ಕೆ ಬಿಡುವುದಿಲ್ಲ! ಮೇಲೆ ‘ಅನ್‌ಲೈಸೆನ್ಸ್ಡ್ ಪ್ರಾಡಕ್ಟ್’ ಅಂತ ಕಾಣುತ್ತಿದೆ. ವೈರಸ್ ಬಂತು ಅಂತ ಹೆದರಿ ಆಫೀಸ್ ಸಾಫ್ಟ್‌ವೇರನ್ನೇ ಅಳಿಸಿ ಹಾಕಿದ. ಪುನಃ ಹಾಕಲಿಕ್ಕೆ ನೆಟ್ ಬೇಕು, ಅದು ಇಲ್ಲ. ಎರಡು ದಿನ ಕಳೆದು ಪೇಟೆಗೆ ಬಂದು ಫೋನ್ ಮಾಡಿದ: “ಕಾಕಾ, ನಾನು ಎಂತ ತಪ್ಪು ಮಾಡಿದೆ?”

ಅಷ್ಟರಲ್ಲಿ ಹೆಡ್ ಆಫೀಸಿನಲ್ಲಿ ಸಂಬಳದ ಲೆಕ್ಕ ಮುಗಿದಿತ್ತು. ನಲವತ್ತು ಜನರಿಗೂ ಬರೀ ಮೂಲ ಸಂಬಳ. ಓವರ್‌ಟೈಮ್ ಮುಂದಿನ ತಿಂಗಳು. ಅದರಲ್ಲಿ ಒಬ್ಬರು ಮಗಳ ಕಾಲೇಜು ಫೀಸಿಗೆ ಅದೇ ದುಡ್ಡನ್ನು ನಂಬಿದ್ದರು, ಸಾಲ ಮಾಡಿ ಊರಿಗೆ ಕಳಿಸಿದರು.

ಹುಡುಗನದ್ದು ಏನೂ ತಪ್ಪಿಲ್ಲ. ಸೈಟಿಗೆ ಹೋಗುವ ಮೊದಲು ಎಕ್ಸೆಲ್ ಕಲಿಯಲಿಕ್ಕೆ ಅವನು ನಮ್ಮ ರೂಮಿಗೇ ಬಂದಿದ್ದ. ಫಾರ್ಮುಲಾ ಎಲ್ಲ ಕಲಿಸಿದೆವು, ಈ ಒಂದು ಮಾತು ಹೇಳಲಿಲ್ಲ. ಅದಕ್ಕೇ ಇವತ್ತು ಹೇಳುತ್ತಿದ್ದೇವೆ.

ಮೈಕ್ರೋಸಾಫ್ಟ್ 365 ಅಂದರೆ ಬಾಡಿಗೆ ಮನೆ ಇದ್ದ ಹಾಗೆ. ತಿಂಗಳಿಗೋ ವರ್ಷಕ್ಕೋ ಹಣ ಕಟ್ಟಬೇಕು. ವರ್ಡ್, ಎಕ್ಸೆಲ್ ನಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ, ದಿನದ ಕೆಲಸಕ್ಕೆ ನೆಟ್ ಬೇಡ. ಆದರೆ ಬಾಡಿಗೆ ಕಟ್ಟಿದ್ದಾರಾ ಅಂತ ಅದು ಆಗಾಗ ನೆಟ್ ಮೂಲಕ ವಿಚಾರಿಸುತ್ತದೆ. ಸುಮಾರು 30 ದಿನ ನೆಟ್ ಸಿಗದಿದ್ದರೆ ಬೀಗ ಬೀಳುತ್ತದೆ. ಹಣ ಕಟ್ಟಿದ್ದರೂ ಬೀಳುತ್ತದೆ! ಆಗ ಫೈಲ್ ನೋಡಬಹುದು, ಪ್ರಿಂಟ್ ತೆಗೆಯಬಹುದು. ಹೊಸದು ಬರೆಯಲಿಕ್ಕೆ, ತಿದ್ದಲಿಕ್ಕೆ ಆಗುವುದಿಲ್ಲ. ಫೈಲ್ ಏನೂ ಅಳಿಯುವುದಿಲ್ಲ, ಹೆದರಬೇಡಿ. ಫೋನಿನ ಹಾಟ್‌ಸ್ಪಾಟ್ ಆದರೂ ಸರಿ, ನೆಟ್ ಕೊಟ್ಟು ಅದೇ ಅಕೌಂಟಿನಲ್ಲಿ ಸೈನ್ ಇನ್ ಆದರೆ ಬೀಗ ತೆರೆಯುತ್ತದೆ. ಅಳಿಸಿ ಪುನಃ ಹಾಕುವ ಕೆಲಸ ಮಾತ್ರ ಮಾಡಲೇಬೇಡಿ.

ಹಾಗಾದರೆ ಸೈಟಿಗೆ ಹೋಗುವ ಮೊದಲು ಎಂತ ಮಾಡಬೇಕು?

ಒಂದು, ನೆಟ್ ಇರುವಾಗಲೇ ಎಕ್ಸೆಲ್ ತೆರೆದು ‘ಫೈಲ್’, ಮತ್ತೆ ‘ಅಕೌಂಟ್’ ಒತ್ತಿ ನೋಡಿ. ಯಾರ ಅಕೌಂಟು, ಆಕ್ಟಿವೇಟ್ ಆಗಿದೆಯಾ ಅಂತ ಅಲ್ಲೇ ಉಂಟು. ಪಾಸ್‌ವರ್ಡ್ ಗೊತ್ತಿರಲಿ. ಕಂಪ್ಯೂಟರಿನ ತಾರೀಕು, ಗಂಟೆ ಸರಿ ಇರಲಿ.

ಎರಡು, ಫೈಲ್ ಒನ್‌ಡ್ರೈವ್‌ನಲ್ಲಿದ್ದರೆ ಎಚ್ಚರ. ಹೆಸರಿನ ಹತ್ತಿರ ಮೋಡದ ಗುರುತು ಇದ್ದರೆ ಆ ಫೈಲ್ ನಿಮ್ಮ ಹತ್ತಿರ ಇಲ್ಲ, ನೆಟ್ ಇಲ್ಲದೆ ತೆರೆಯುವುದಿಲ್ಲ. ಮೌಸಿನ ಬಲಗಡೆ ಒತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಕೊಡಿ, ಹಸಿರು ಗುರುತು ಬರುವವರೆಗೆ ಕಾಯಿರಿ.

ಮೂರು, ಒಂದೇ ಶೀಟನ್ನು ಇಬ್ಬರು ನೆಟ್ ಇಲ್ಲದೆ ತಿದ್ದಬೇಡಿ. ಆಮೇಲೆ ಎರಡು ಪ್ರತಿ ಆಗಿ ಯಾವುದು ಸರಿ ಅಂತಲೇ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಡಿ.

ನಾಲ್ಕು, ತಿಂಗಳ ಕೊನೆಯವರೆಗೆ ಕಾಯಬೇಡಿ. ಹದಿನೈದು ದಿನಕ್ಕೊಮ್ಮೆ ಪೇಟೆಗೆ ಹೋಗುವವರ ಕೈಯಲ್ಲಾದರೂ ಲ್ಯಾಪ್‌ಟಾಪ್ ಕಳಿಸಿ, ನೆಟ್ ತೋರಿಸಿಕೊಂಡು ಬರಲಿ.

ತಿಂಗಳುಗಟ್ಟಲೆ ನೆಟ್ ಇಲ್ಲದ ಕಡೆ ಇರುವವರಿಗೆ ಬೇರೆ ದಾರಿಯೂ ಉಂಟು. ಒಂದೇ ಸಲ ಹಣ ಕೊಟ್ಟು ಕೊಳ್ಳುವ ಆಫೀಸ್ 2024ಕ್ಕೆ ಮೊದಲ ಸಲ ನೆಟ್ ಬೇಕು, ಮತ್ತೆ ತಿಂಗಳು ತಿಂಗಳು ಬೇಡ. ಲಿಬ್ರೆಆಫೀಸ್ ಪೂರಾ ಉಚಿತ. ಒಮ್ಮೆ ಇಳಿಸಿಕೊಂಡರೆ ಸಾಕು, ಎಕ್ಸೆಲ್ ಫೈಲನ್ನೂ ತೆರೆದು ತಿದ್ದಬಹುದು. ಕಷ್ಟಕಾಲಕ್ಕೆ ಅಂತ ಅದನ್ನು ಮೊದಲೇ ಹಾಕಿಟ್ಟುಕೊಳ್ಳಿ. ಆದರೆ ಹತ್ತಿಪ್ಪತ್ತು ರಿಯಾಲಿಗೆ ಯಾರೋ ಹಾಕಿಕೊಡುವ ಕ್ರ್ಯಾಕ್ ಮಾತ್ರ ಬೇಡ. ನಲವತ್ತು ಜನರ ಇಕಾಮಾ ನಂಬರು, ಬ್ಯಾಂಕ್ ನಂಬರು ಇರುವ ಕಂಪ್ಯೂಟರಿಗೆ ಗೊತ್ತಿಲ್ಲದವರನ್ನು ಕರೆದು ಒಳಗೆ ಬಿಟ್ಟ ಹಾಗೆ ಆಗುತ್ತದೆ.

ರಜೆಯಲ್ಲಿ ಊರಿಗೆ ಹೋಗುವವರಿಗೂ ಇದೇ ಮಾತು. ಎರಡು ತಿಂಗಳು ಲ್ಯಾಪ್‌ಟಾಪ್ ಕಪಾಟಿನಲ್ಲಿಟ್ಟು ಬಂದು ಸೀದಾ ಸೈಟಿಗೆ ಹೋದರೆ ಅದೇ ಕಥೆ.

ಕೊನೆಗೆ, ಕಂಪ್ಯೂಟರ್ ಮುಟ್ಟದ ಸಹೋದರರಿಗೆ. ನೀವು ದುಡಿದ ಗಂಟೆ ಯಾರದ್ದೋ ಶೀಟಿನಲ್ಲಿ ಮಾತ್ರ ಇರಬಾರದು. ದಿನಾ ರಾತ್ರಿ ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಗಂಟೆ ಬರೆದಿಡಿ. ಸಾಧ್ಯವಾದರೆ ಫೋರ್‌ಮನ್‌ನ ಸಹಿ ಹಾಕಿಸಿಕೊಳ್ಳಿ. ಆ ನಲವತ್ತು ಜನರಲ್ಲಿ ಇಬ್ಬರು ಹಾಗೆ ಬರೆದಿಟ್ಟಿದ್ದರು. ಮುಂದಿನ ತಿಂಗಳು ಎಲ್ಲರ ಓವರ್‌ಟೈಮ್ ತಾಳೆ ನೋಡುವಾಗ ಆ ಎರಡು ಪುಸ್ತಕ ತುಂಬಾ ಸಹಾಯಕ್ಕೆ ಬಂತು.

ಸಂಶಯ ಇದ್ದವರು ಊಟ ಆದ ಮೇಲೆ ಲ್ಯಾಪ್‌ಟಾಪ್ ತನ್ನಿ, ಒಟ್ಟಿಗೆ ಕೂತು ನೋಡುವ.