ಗಂಡಿಕೋಟಕ್ಕೆ ಹೋಗ್ತೀರಾ? ಎಲ್ಲಿ ಉಳಿಯೋದು ಅಂತ ಮೊದಲು ಮಾತಾಡೋಣ

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ. ಓದೋದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ಇವತ್ತಿನ ವಿಷಯ ಗಂಡಿಕೋಟ. ಫೋಟೋ ಎಲ್ಲರೂ ನೋಡಿರ್ತೀರಿ. ಕೆಂಪು ಬಂಡೆಗಳ ಎರಡು ಗೋಡೆ, ನಡುವೆ ಹಸಿರು ಬಣ್ಣದ ನೀರು, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಯಾರೋ ಒಬ್ಬರು. ಆ ಫೋಟೋ ನೋಡೇ ನಾನೂ ಹೋದವಳು. ಹೋಗಿ ಒಂದು ತಪ್ಪು ಮಾಡಿದೆ. ಆ ತಪ್ಪು ನೀವು ಮಾಡಬಾರದು ಅನ್ನೋದಕ್ಕೇ ಈ ಮಾತು.

ಮೊದಲು ಜಾಗದ ಬಗ್ಗೆ. ಗಂಡಿಕೋಟ ಇರೋದು ಆಂಧ್ರದ ಕಡಪ ಜಿಲ್ಲೆಯಲ್ಲಿ, ಜಮ್ಮಲಮಡುಗು ಊರಿನಿಂದ ಸುಮಾರು 15 ಕಿಲೋಮೀಟರ್ ದೂರ. ಎರ್ರಮಲ ಬೆಟ್ಟಸಾಲನ್ನ ಪೆನ್ನಾ ನದಿ ಕೊರೆದುಕೊಂಡು ಹೋದ ಕಂದರ ಅದು. ಗಂಡಿ ಅಂದ್ರೆ ಬೆಟ್ಟದ ನಡುವಿನ ಸಂದು. ತೆಲುಗಿನಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಆ ಬಂಡೆಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ಮೇಲೆ ಕೋಟೆ ಇದೆ, ಕೋಟೆಯೊಳಗೆ ಈಗಲೂ ಜನ ವಾಸ ಮಾಡೋ ಊರಿದೆ. ಮಾಧವರಾಯನ ಗುಡಿ, ರಂಗನಾಥನ ಗುಡಿ, ಜಾಮಿಯಾ ಮಸೀದಿ, ದೊಡ್ಡ ಕಣಜ, ಎಲ್ಲಾ ಒಂದೇ ಆವರಣದಲ್ಲಿ. ಪೆಮ್ಮಸಾನಿ ನಾಯಕರು ತಲೆಮಾರುಗಟ್ಟಲೆ ಆಳಿದ ಕೋಟೆ. 17ನೇ ಶತಮಾನದ ನಡುವಿನಲ್ಲಿ ಗೋಲ್ಕೊಂಡದ ಮೀರ್ ಜುಮ್ಲಾ ವಶಪಡಿಸಿಕೊಂಡ. ಅಂದ್ರೆ ಹೈದರಾಬಾದಿನಿಂದ ಗಂಡಿಕೋಟಕ್ಕೆ ಹೊರಟವರಲ್ಲಿ ನಾವೇನೂ ಮೊದಲಿಗರಲ್ಲ.

ಇದು ರಾಜಸ್ಥಾನದ ಥರ ಮರಳುಗಾಡಲ್ಲ. ಆದ್ರೆ ರಾಯಲಸೀಮೆಯ ಬಿಸಿಲು ಗೊತ್ತಲ್ಲ, ಮಳೆ ಕಡಿಮೆ, ನೆರಳು ಇನ್ನೂ ಕಡಿಮೆ. ಹೈದರಾಬಾದಿನಿಂದ 350 ಕಿಲೋಮೀಟರ್ ಮೀರುತ್ತೆ. ಚೆನ್ನೈಯಿಂದಲೂ ಹೆಚ್ಚೂಕಡಿಮೆ ಅಷ್ಟೇ. ಬೆಂಗಳೂರಿನಿಂದ ಸುಮಾರು 280. ಮುಂಬೈ, ಪುಣೆಯವರು ಚೆನ್ನೈ ಮಾರ್ಗದ ರೈಲಿನಲ್ಲಿ ಬರೋದಾದ್ರೆ ಮುದ್ದನೂರು, ಎರ್ರಗುಂಟ್ಲ ಸ್ಟೇಷನ್‌ಗಳು ಹತ್ತಿರ. ನಿಮ್ಮ ರೈಲು ಅಲ್ಲಿ ನಿಲ್ಲುತ್ತಾ ಅಂತ ಮಾತ್ರ ಮೊದಲೇ ನೋಡ್ಕೊಳ್ಳಿ.

ಅಪ್ಪ ಮತ್ತು ಹೊಳೆ

ನಾನು ಹೈದರಾಬಾದಿಗೆ ಬಂದು 9 ವರ್ಷ ಆಯ್ತು. ಅಪ್ಪ ಇರೋದು ಗೌರಿಬಿದನೂರು ಹತ್ತಿರದ ಹಳ್ಳಿಯಲ್ಲಿ. ನಮ್ಮ ಹೊಲದ ಆಚೆಗೇ ಉತ್ತರ ಪಿನಾಕಿನಿ. ನಂದಿ ಬೆಟ್ಟದ ಸಾಲಿನಲ್ಲಿ, ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟಿ ಬರೋ ಹೊಳೆ. ಹೊಳೆ ಅನ್ನೋದು ಹೆಸರಿಗೆ. ನಾನು ಕಂಡಿದ್ದು ವರ್ಷದ ಬಹುಭಾಗ ಒಣ ಮರಳು, ಜಾಲಿ ಗಿಡ. ಅಪ್ಪ ಚಿಕ್ಕವರಿದ್ದಾಗ ಆ ಮರಳಲ್ಲಿ ಮೊಣಕೈ ಆಳ ತೋಡಿದ್ರೆ ನೀರು ಬರ್ತಿತ್ತಂತೆ.

ಆ ಪಿನಾಕಿನಿಯೇ ಆಂಧ್ರಕ್ಕೆ ಹೋಗಿ ಪೆನ್ನಾ ಆಗೋದು. ಒಂದು ಸಲ ಫೋನಿನಲ್ಲಿ ಗಂಡಿಕೋಟದ ಫೋಟೋ ತೋರಿಸಿ, "ಅಪ್ಪಾ, ಇದು ನಮ್ಮ ಹೊಳೆ" ಅಂದೆ. ಅಪ್ಪ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. "ಇಷ್ಟು ನೀರಾ? ಒಂದ್ಸಲ ಕರ್ಕೊಂಡು ಹೋಗಮ್ಮ" ಅಂದ್ರು. ನಮ್ಮಪ್ಪ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಅದೊಂದೇ.

ಮಾರ್ಚ್ ತಿಂಗಳು, ಲಾಂಗ್ ವೀಕೆಂಡ್. ನಾನು, ನಮ್ಮೆಜಮಾನ್ರು, 8 ವರ್ಷದ ಮಗಳು, ಅಪ್ಪ. ಬುಕಿಂಗ್ ನಾನೇ ಮಾಡಿದೆ. ಕಂದರದ ಅಂಚಿನ ಹತ್ತಿರ ಟೆಂಟು. "ಟೆಂಟಿನ ಜಿಪ್ ತೆಗೆದ್ರೆ ಸೂರ್ಯೋದಯ" ಅಂತ ಬರೆದಿದ್ರು. ರೇಟಿಂಗ್ ಚೆನ್ನಾಗಿತ್ತು. ಆ ರೇಟಿಂಗ್ ಕೊಟ್ಟವರೆಲ್ಲ 25 ವರ್ಷದ ಹುಡುಗರು ಅನ್ನೋದು ನನ್ನ ತಲೆಗೆ ಹೋಗಲೇ ಇಲ್ಲ.

ಹೋಗಿ ನೋಡಿದ್ರೆ ಟೆಂಟಿಗೂ ಟಾಯ್ಲೆಟ್ಟಿಗೂ ಒಳ್ಳೇ ದೂರ. ಕಲ್ಲುಬಂಡೆ ದಾಟಿ ಹೋಗಬೇಕು, ದಾರೀಲಿ ಲೈಟಿಲ್ಲ. ಅಪ್ಪನಿಗೆ 71. ಮಂಡಿ ನೋವಿದೆ, ರಾತ್ರಿ ಮೂರ್ನಾಲ್ಕು ಸಲ ಏಳಬೇಕು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬುಕ್ ಮಾಡುವಾಗ ನೆನಪಾಗಲಿಲ್ಲ, ಅಷ್ಟೇ. ಅಪ್ಪ ಅಂತೂ ಹೇಳಲಿಲ್ಲ. ಮಗಳ ಹತ್ರ ಯಾವ ಅಪ್ಪ ಹೇಳ್ತಾರೆ?

ರಾತ್ರಿ 2 ಗಂಟೆ ಹೊತ್ತಿಗೆ ಎಚ್ಚರ ಆಯ್ತು. ಗಾಳಿಗೆ ಟೆಂಟು ಬಡ್ಕೋತಾ ಇತ್ತು. ಪಕ್ಕದ ಟೆಂಟಿಗೆ ಹೋಗಿ ನೋಡಿದ್ರೆ ಅಪ್ಪ ಇಲ್ಲ. ಹೊರಗೆ ಕಗ್ಗತ್ತಲೆ. ಮೊಬೈಲ್ ಟಾರ್ಚ್ ಹಿಡ್ಕೊಂಡು ಹುಡುಕಿದೆ. ಕೂಗೋಕೆ ಭಯ. ಕತ್ತಲಲ್ಲಿ ಗಾಬರಿಯಿಂದ ತಿರುಗಿ ಹೆಜ್ಜೆ ಇಟ್ಟುಬಿಟ್ಟರೆ? ಕೊನೆಗೆ ಒಂದು ಬಂಡೆ ಮೇಲೆ ಕೂತಿದ್ದು ಕಾಣಿಸಿತು. ಫೋನಿನ ಚಾರ್ಜ್ ಮುಗಿದಿತ್ತು. ಟೆಂಟು ಯಾವ ಕಡೆ ಅಂತ ಗೊತ್ತಾಗದೆ, ನಡೆಯೋದು ಬೇಡ, ಬೆಳಕು ಹರಿಯೋವರೆಗೆ ಇಲ್ಲೇ ಕೂತಿರೋಣ ಅಂತ ಕೂತುಬಿಟ್ಟಿದ್ರು. "ನಿದ್ದೆ ಬರಲಿಲ್ಲ ಕಣಮ್ಮ, ಗಾಳಿಗೆ ಕೂತಿದ್ದೆ" ಅಂದ್ರು.

ಬೆಳಿಗ್ಗೆ ಬೆಳಕಲ್ಲಿ ಹೋಗಿ ನೋಡಿದೆ. ಆ ಬಂಡೆಯಿಂದ ಕಂದರದ ಅಂಚಿಗೆ ನನ್ನ ಹೆಜ್ಜೆಯಲ್ಲಿ 40. ನಡುವೆ ಕಂಬಿ ಇಲ್ಲ, ಹಗ್ಗ ಇಲ್ಲ, ಏನೂ ಇಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಸೂರ್ಯೋದಯಕ್ಕೆ ಎದ್ದು ನಿಂತ ಅಪ್ಪ ತಲೆ ಸುತ್ತಿ ಕೂತರು. ಆಗ ಗೊತ್ತಾಯ್ತು, ರಾತ್ರಿ ಜಾಸ್ತಿ ಸಲ ಏಳಬಾರದು ಅಂತ ಹಿಂದಿನ ದಿನ ಮಧ್ಯಾಹ್ನದಿಂದ ನೀರೇ ಕುಡಿದಿಲ್ಲ. ಆ ಬಿಸಿಲಲ್ಲಿ! ಜಮ್ಮಲಮಡುಗಿಗೆ ಕರ್ಕೊಂಡು ಓಡಿದ್ವಿ. ಡ್ರಿಪ್ ಹಾಕಿದ್ರು. ಮಧ್ಯಾಹ್ನದ ಹೊತ್ತಿಗೆ ಸರಿಹೋದರು. ಹೊಳೆ ನೋಡದೇ ವಾಪಸ್ ಬಂದ್ವಿ.

ಟೆಂಟಿನವರನ್ನ ನಾನು ಬೈಯಲ್ಲ. ಅವರು ಕೊಡ್ತೀವಿ ಅಂದಿದ್ದನ್ನ ಕೊಟ್ರು. ನಾನು ಕೇಳಬೇಕಾದ್ದನ್ನ ಕೇಳಲಿಲ್ಲ.

ಉಳಿಯೋಕೆ ಇರೋ ಆಯ್ಕೆಗಳು

ಈಗ ವಿಷಯಕ್ಕೆ ಬರ್ತೀನಿ. ಗಂಡಿಕೋಟದಲ್ಲಿ ನಾಲ್ಕು ಥರ ಉಳಿಯಬಹುದು.

ಒಂದು, ಟೆಂಟು. ನೋಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಗೆಳೆಯರ ಗುಂಪು, ವಯಸ್ಸಿನವರು, ಗಟ್ಟಿಮುಟ್ಟಾಗಿರೋರು ಆದ್ರೆ ಇದನ್ನೇ ಮಾಡಿ. ಆದರೆ ವೀಕೆಂಡಲ್ಲಿ ಪಕ್ಕದ ಟೆಂಟಿನವರು ಸ್ಪೀಕರ್ ತಂದಿರ್ತಾರೆ ಅನ್ನೋದನ್ನ ಲೆಕ್ಕಕ್ಕೆ ಇಟ್ಕೊಳ್ಳಿ. ಟೆಂಟು ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು ಅನ್ನೋ ನಿಯಮ ಬದಲಾಗ್ತಾ ಇರುತ್ತೆ. ಹೋಗೋ ವಾರ ಫೋನ್ ಮಾಡಿ ಕೇಳಿ.

ಎರಡು, ಕೋಟೆಗೆ ಸ್ವಲ್ಪ ಮುಂಚೆ ಇರೋ ಆಂಧ್ರ ಪ್ರವಾಸೋದ್ಯಮದ ಹರಿತಾ ಹೋಟೆಲ್. ಕಿಟಕಿ ತೆಗೆದರೆ ಕಂದರ ಕಾಣುತ್ತೆ ಅನ್ಕೋಬೇಡಿ, ಕಾಣಲ್ಲ. ಆದ್ರೆ ಗೋಡೆ ಇದೆ, ಬಾಗಿಲಿದೆ, ರೂಮೊಳಗೆ ಬಾತ್‌ರೂಮಿದೆ, ಊಟ ಅಲ್ಲೇ ಸಿಗುತ್ತೆ. ಕೋಟೆಗೆ ಕಾರಲ್ಲಿ ಕೆಲವೇ ನಿಮಿಷ. ಚಳಿಗಾಲದ ಶನಿವಾರ ರೂಮು ಬೇಕು ಅಂದ್ರೆ ಬಹಳ ಮುಂಚೆ ಬುಕ್ ಮಾಡಬೇಕು.

ಮೂರು, ಊರಿನವರ ಮನೆ, ಸಣ್ಣಪುಟ್ಟ ಖಾಸಗಿ ರೂಮುಗಳು. ಕೋಟೆಯೊಳಗೇ ಬೆಳಿಗ್ಗೆ ಕಳೆಯೋ ಸುಖ ಇದೆ. ಆಡು ಕುರಿ ಹೊರಡೋ ಸದ್ದಿಗೆ ಎಚ್ಚರ ಆಗುತ್ತೆ. ನಿಮ್ಮಲ್ಲಿ ಒಬ್ಬರಿಗಾದ್ರೂ ತೆಲುಗು ಬಂದ್ರೆ ಇನ್ನೂ ಒಳ್ಳೇದು. ಎಲ್ಲಾ ಮನೆ ಒಂದೇ ಥರ ಇರಲ್ಲ, ಫೋಟೋ ಕಳಿಸಿ ಅಂತ ಕೇಳಿ. ಬಾತ್‌ರೂಮಿನ ಫೋಟೋ. ನಾಚ್ಕೋಬೇಡಿ.

ನಾಲ್ಕು, ಜಮ್ಮಲಮಡುಗಿನ ಲಾಡ್ಜು. ಇದರಲ್ಲಿ ಸೊಬಗೇನಿಲ್ಲ. ಆದರೆ ಆಸ್ಪತ್ರೆ, ಮೆಡಿಕಲ್ ಶಾಪು, ಎಟಿಎಂ, ಪೆಟ್ರೋಲ್ ಬಂಕು ಎಲ್ಲಾ ಇರೋದು ಅಲ್ಲೇ. ಕೈಗೂಸು ಇದ್ದವರಿಗೆ, ಹುಷಾರಿಲ್ಲದವರಿಗೆ ಇದೇ ಸರಿ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎದ್ದರೆ ಸೂರ್ಯೋದಯ ತಪ್ಪಲ್ಲ. ಮರುದಿನ ಬೇಲಂ ಗುಹೆಗೆ ಹೋಗೋರಿಗೂ ಅನುಕೂಲ. ಕಡಪದಲ್ಲಿ ಉಳಿಯೋಣ ಅಂತ ಕೆಲವರು ಅಂತಾರೆ. ಅದು ದೂರ ಆಯ್ತು. ಬೆಳಗಿನ ಹೊತ್ತು ರಸ್ತೆಯಲ್ಲೇ ಕಳೆದುಹೋಗುತ್ತೆ.

ಫೋನ್ ಮಾಡಿ ಕೇಳಬೇಕಾದ್ದು

ಯಾವುದನ್ನೇ ಆರಿಸಿ, ದುಡ್ಡು ಕಟ್ಟೋ ಮುಂಚೆ ಇಷ್ಟು ಕೇಳಿ. ಮಲಗೋ ಜಾಗದಿಂದ ಟಾಯ್ಲೆಟ್ ಎಷ್ಟು ಹೆಜ್ಜೆ? ದಾರೀಲಿ ರಾತ್ರಿಯೆಲ್ಲ ಲೈಟ್ ಇರುತ್ತಾ, ಇಲ್ಲ ಜನರೇಟರ್ ಆಫ್ ಮಾಡ್ತೀರಾ? ಕಾರು ಎಲ್ಲಿವರೆಗೆ ಬರುತ್ತೆ? ಅಂಚು ಎಷ್ಟು ದೂರ, ನಡುವೆ ಏನಿದೆ? ರಾತ್ರಿ ನಿಮ್ಮವರು ಯಾರಾದ್ರೂ ಅಲ್ಲೇ ಇರ್ತಾರಾ? ಗಾಳಿ ಮಳೆ ಬಂದ್ರೆ ನಮ್ಮನ್ನ ಎಲ್ಲಿಗೆ ಕಳಿಸ್ತೀರಿ? ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆ ಜಾಗ ನೋಡಿ.

ಆಫೀಸಲ್ಲಿ ನಾವು ಏನು ಮಾಡ್ತೀವಿ ಹೇಳಿ. ಯಾವುದು ಮುರಿಯುತ್ತೆ ಅಂತ ಮೊದಲು ಹುಡುಕ್ತೀವಿ. ನಾನು 12 ವರ್ಷದಿಂದ ಟೆಸ್ಟಿಂಗ್‌ನಲ್ಲಿದ್ದೀನಿ. ಅಂಥ ನಾನು ಮನೆಯವರನ್ನ ಕರ್ಕೊಂಡು ಹೋಗುವಾಗ ಫೋಟೋ ನೋಡಿ ಬುಕ್ ಮಾಡಿದೆ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಷ್ಟ ಯಾರಿಗೆ ಆಗುತ್ತೋ ಅವರಿಗೆ ತಕ್ಕ ಹಾಗೆ ಜಾಗ ಆರಿಸಿ. ಉಳಿದವರು ಹೇಗೋ ಹೊಂದ್ಕೋತಾರೆ. ಮತ್ತೆ ಅವರನ್ನ ಕೇಳಬೇಡಿ, "ನಡೆಯುತ್ತಾ ಅಪ್ಪಾ?" ಅಂತ. "ನಡೆಯುತ್ತೆ" ಅಂತಾನೇ ಹೇಳ್ತಾರೆ. ನೀವೇ ಯೋಚನೆ ಮಾಡಿ.

ಎರಡನೇ ಸಲ

ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಹೋದ್ವಿ. ಭಾನುವಾರ ಹೋಗಿ ಸೋಮವಾರ ವಾಪಸ್, ಒಂದು ದಿನ ರಜೆ ಹಾಕಿ. ಕೋಟೆಯ ಹೊರಗಿನ ಹೋಟೆಲಿನಲ್ಲಿ, ನೆಲಮಹಡಿ ರೂಮು. ಅಪ್ಪ ರಾತ್ರಿ ಹೊಟ್ಟೆ ತುಂಬಾ ಉಂಡು, ನೀರು ಕುಡಿದು ಮಲಗಿದ್ರು. ಬೆಳಿಗ್ಗೆ ನಮಗಿಂತ ಮುಂಚೆ ಸ್ವೆಟರ್ ಹಾಕ್ಕೊಂಡು ರೆಡಿ.

ಮಸೀದಿ ದಾಟಿ ನಿಧಾನಕ್ಕೆ ನಡೆದ್ವಿ. ಬಂಡೆಗಳ ಮೇಲೆ ಕೊನೇವರೆಗೆ ಅಪ್ಪನನ್ನ ಕರ್ಕೊಂಡು ಹೋಗಲಿಲ್ಲ. ಅಂಚಿಗಿಂತ ಬಹಳ ಹಿಂದೆಯೇ ನಿಂತ್ವಿ. ಅಲ್ಲಿಂದ ನದಿಯ ಒಂದು ತುಂಡು ಮಾತ್ರ ಕಾಣ್ತಿತ್ತು. ಬಿಸಿಲು ಆಚೆ ಗೋಡೆಗೆ ಬಿದ್ದು ಬಂಡೆ ಕೆಂಪಗಾಯ್ತು. ಅಪ್ಪ ಚಪ್ಪಲಿ ಬಿಟ್ಟು ಕೈ ಮುಗಿದರು.

ಆಮೇಲೆ ಕೇಳಿದ್ರು, "ಇದೆಲ್ಲ ನಮ್ಮೂರ ನೀರೇನಮ್ಮ?"

ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. ಇಲ್ಲಪ್ಪ, ಇಲ್ಲಿನ ಜಲಾಶಯಕ್ಕೆ ಶ್ರೀಶೈಲದ ಕಡೆಯಿಂದ ಕಾಲುವೆಯಲ್ಲಿ ಕೃಷ್ಣೆಯ ನೀರೂ ಬರುತ್ತೆ, ನಮ್ಮ ಕಡೆಯದು ಇಲ್ಲಿಗೆ ಮುಟ್ಟೋದು ಮಳೆ ಚೆನ್ನಾಗಿ ಆದ ವರ್ಷ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು. ಬಂಡೆ ಕೊರೆದಿದ್ದು ನಮ್ಮ ಹೊಳೆ ತಾನೆ" ಅಂದ್ರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮೊಮ್ಮಗಳಿಗೆ ಮರಳಲ್ಲಿ ನೀರು ತೋಡೋ ಕಥೆ ಹೇಳ್ತಾ ಬಂದ್ರು.

ಅಕ್ಟೋಬರಿಂದ ಫೆಬ್ರವರಿವರೆಗೆ ಒಳ್ಳೇ ಕಾಲ. ಬೇಸಿಗೆಯಲ್ಲಿ ಬೇಡ. ನೀರು, ಟಾರ್ಚು, ಸ್ವಲ್ಪ ನಗದು ದುಡ್ಡು ಮರೀಬೇಡಿ. ಊರಿನಿಂದ ಅಪ್ಪ ಅಮ್ಮ ಬಂದಿದ್ರೆ ಅವರನ್ನೂ ಕರ್ಕೊಂಡು ಹೋಗಿ. ಆದರೆ ಬುಕ್ ಮಾಡೋ ಮುಂಚೆ ಹೆಜ್ಜೆ ಲೆಕ್ಕ ಕೇಳಿ.