ಹಕ್ಕು ಕೇಳುವವರು ಹಕ್ಕು ಕೊಡಲೂ ಕಲಿಯಬೇಕು

(ಮೈಸೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಮಾನತೆಯ ಹೋರಾಟವೆಂದೊಡನೆ ಮಾರ್ಟಿನ್ ಲೂಥರ್ ಕಿಂಗ್, ನೆಲ್ಸನ್ ಮಂಡೇಲಾ ಅವರ ಹೆಸರುಗಳು ನಮಗೆ ನೆನಪಾಗುತ್ತವೆ. ಅಲ್ಲಿ ಚರ್ಮದ ಬಣ್ಣ ಮಾಡಿದ ಅನ್ಯಾಯವನ್ನು ನಮ್ಮ ನಾಡಿನಲ್ಲಿ ಜಾತಿ ಮಾಡಿತು. ಅದರ ವಿರುದ್ಧದ ಹೋರಾಟದ ಒಂದು ಮುಖ್ಯ ಅಧ್ಯಾಯ ಇದೇ ಮೈಸೂರಿನಲ್ಲಿ ನಡೆಯಿತು.

ಅಂದು ಸಂಸ್ಥಾನದ ಸರಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದ ಪ್ರಾಬಲ್ಯವಿತ್ತು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಅದನ್ನು ಪ್ರಶ್ನಿಸಿತು. ಒಕ್ಕಲಿಗ, ಲಿಂಗಾಯತ, ಮುಸ್ಲಿಮ್ ಮುಖಂಡರು ಒಂದುಗೂಡಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಸಲ್ಲಿಸಿದರು. ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಗುಲಾಮ್ ಅಹ್ಮದ್ ಕಲಾಮಿಯವರು ಅದರ ಸದಸ್ಯರಲ್ಲೊಬ್ಬರು. ಅರ್ಹತೆಗೆ ಧಕ್ಕೆಯಾದೀತೆಂದು ದಿವಾನ ವಿಶ್ವೇಶ್ವರಯ್ಯನವರು ಇದನ್ನು ಒಪ್ಪದೆ ಅಧಿಕಾರದಿಂದ ನಿರ್ಗಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ದೊರೆಯಬೇಕೆಂದು ಸಮಿತಿ ಹೇಳಿತು. 1921ರಲ್ಲಿ ಸರಕಾರದ ಆದೇಶ ಹೊರಟಿತು.

ಬೇಡಿಕೆಯಿಟ್ಟವರು ಭಿಕ್ಷೆ ಕೇಳಲಿಲ್ಲ, ಪಾಲು ಕೇಳಿದರು. 2023ರ ಮಾರ್ಚ್‌ನಲ್ಲಿ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಕಿತ್ತುಕೊಳ್ಳುವ ಆದೇಶ ಬಂದಾಗ ನಾವೂ ಅದನ್ನೇ ಹೇಳಿ ಸುಪ್ರೀಂ ಕೋರ್ಟಿನವರೆಗೆ ಹೋದೆವು. ಅದು ನ್ಯಾಯವೇ.

ಆದರೆ ಸರಕಾರದ ಬಾಗಿಲಲ್ಲಿ ಪಾಲು ಕೇಳುವ ನಾವು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಅವರ ಪಾಲನ್ನು ಕೊಟ್ಟಿದ್ದೇವೆಯೇ?

ಹಿಂದೂ ಮಹಿಳೆಯರ ಆಸ್ತಿ ಹಕ್ಕಿಗಾಗಿ ಮೈಸೂರು ಸಂಸ್ಥಾನ ಕಾನೂನು ಮಾಡಿದ್ದು 1933ರಲ್ಲಿ. ನಮಗಾದರೋ ಹದಿನಾಲ್ಕು ಶತಮಾನಗಳ ಹಿಂದೆಯೇ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 7ನೇ ಸೂಕ್ತವು, ಆಸ್ತಿ ಅಲ್ಪವಾಗಿರಲಿ ಅಧಿಕವಾಗಿರಲಿ, ಹೆಣ್ಣಿನ ಪಾಲನ್ನು ಕಡ್ಡಾಯಗೊಳಿಸಿತು. ಇದನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ತಂದೆ ತೀರಿಕೊಂಡ ಮೇಲೆ ಎಷ್ಟು ಮನೆಗಳಲ್ಲಿ ಏನಾಗುತ್ತದೆ? “ನಿನ್ನ ಮದುವೆಗೆ ಖರ್ಚು ಮಾಡಿದೆವಲ್ಲ” ಎನ್ನುತ್ತಾರೆ ಅಣ್ಣಂದಿರು. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ತಂಗಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಇದನ್ನು ಆಕೆಯ ಔದಾರ್ಯವೆಂದು ಕರೆಯುವುದು ವಂಚನೆ. ವರದಕ್ಷಿಣೆ ಪಿತ್ರಾರ್ಜಿತದ ಪಾಲಲ್ಲ, ಅದು ಇನ್ನೊಂದು ಅನ್ಯಾಯ.

ಪ್ರಶ್ನಿಸಿದ ಹೆಣ್ಣನ್ನು ನಾವು ನಡೆಸಿಕೊಂಡ ರೀತಿಯೂ ಚಿಂತನಾರ್ಹ. ಮಸೀದಿ ಪ್ರವೇಶದ ಹಕ್ಕಿನ ಪರವಾಗಿ ಮಾತಾಡಿದ್ದಕ್ಕೆ ಹಾಸನದ ಬಾನು ಮುಷ್ತಾಕ್ ಅವರ ಕುಟುಂಬ 2000ದಲ್ಲಿ ಬಹಿಷ್ಕಾರ ಎದುರಿಸಿತು. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರು ಮೈಸೂರು ದಸರಾ ಉದ್ಘಾಟಿಸುವುದನ್ನು ತಡೆಯಲು ಕೆಲವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಸೋತಾಗ ನಾವು ಸಂತೋಷಪಟ್ಟೆವು. ಹೊರಗಿನವರು ತಡೆದರೆ ಅದು ಪಕ್ಷಪಾತ, ನಾವೇ ತಡೆದರೆ ಅದು ಸಂಪ್ರದಾಯ ಎನ್ನುವುದು ಸರಿಯೇ?

ಜಮಾಅತ್ ಸಮಿತಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಹಲ್ಲಾದಲ್ಲಿ ಮರಣ ಸಂಭವಿಸಿದಾಗ ದಫನದ ಜೊತೆಗೆ ಆಸ್ತಿ ಹಂಚಿಕೆಯ ಹೊಣೆಯನ್ನೂ ವಹಿಸಿಕೊಳ್ಳಿ. ವಾರಸುದಾರರ ಪಟ್ಟಿ ಬರೆಯಿಸಿ, ಹೆಣ್ಣುಮಕ್ಕಳನ್ನು ಕೂರಿಸಿ ಅವರ ಪಾಲು ತಿಳಿಸಿ. ಆಸ್ತಿ ಆಕೆಯ ಕೈಸೇರಿದ ನಂತರವೇ ಆಕೆ ಬಿಟ್ಟುಕೊಡುವ ಮಾತು ಬರಲಿ. ಖತೀಬರು ವರ್ಷಕ್ಕೊಂದು ಜುಮಾ ಖುತ್ಬಾವನ್ನು ಇದಕ್ಕೆ ಮೀಸಲಿಡಲಿ.

ಇದಕ್ಕೆ ಹೊಸ ಕಾನೂನು ಬೇಡ, ಸರಕಾರದ ಅನುಮತಿಯೂ ಬೇಡ. ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲು ಸೇರಿದರೆ ಸಾಕು.