ದತ್ತಿಯ ತಂತ್ರಾಂಶಕ್ಕೆ ಭಂಡಾರಿಗಳು ಬೇಕು



ದತ್ತಿ ಉಪನ್ಯಾಸ ಎಂದರೆ ವಚನ, ತತ್ವಪದ, ಶಾಸನ ಇಂಥ ವಿಷಯಗಳೇ ರೂಢಿ. ಮುಕ್ತ ತಂತ್ರಾಂಶದ ಬಗ್ಗೆ ಮಾತಾಡಿರಿ ಎಂದು ಸಮಿತಿಯವರು ಕೇಳಿದಾಗ ನಾನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ದತ್ತಿ ಹೇಗೆ ಬದುಕುತ್ತದೆ, ಹೇಗೆ ಹಾಳಾಗುತ್ತದೆ ಎಂಬುದು ಸುಲೇಪೇಟ, ಚಿಂಚೋಳಿ, ಸೇಡಂ, ಚಿತ್ತಾಪುರದ ಈ ಭಾಗದವರಿಗೆ ಸಾವಿರ ವರ್ಷದಿಂದ ಗೊತ್ತು. ಲಿನಕ್ಸ್ ಮತ್ತು ಅದರ ಬಳಗದ ತಂತ್ರಾಂಶಗಳೂ ಅಂಥವೇ ದತ್ತಿಗಳು. ಅವುಗಳ ಫಲವನ್ನು ನಾವು ದಿನವೂ ಉಣ್ಣುತ್ತಿದ್ದೇವೆ. ಕಾಯುವ ಕೆಲಸಕ್ಕೆ ಮಾತ್ರ ನಮ್ಮ ಕಡೆಯವರು ವಿರಳ.

1. ನಾಗಾವಿಯ ಆರು ಮಂದಿ

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 11ನೇ ಶತಮಾನದಲ್ಲಿ ಘಟಿಕಾಸ್ಥಾನ ಎಂಬ ಒಂದು ವಿದ್ಯಾಕೇಂದ್ರವಿತ್ತು. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಅದಕ್ಕೆ ದತ್ತಿ ಬಿಟ್ಟದ್ದನ್ನು 1058ರ ಶಾಸನ ಹೇಳುತ್ತದೆ. ಗುರುಗಳಿಗೆ, ಓದುವ ಮಕ್ಕಳಿಗೆ ಏರ್ಪಾಟು ಮಾಡಿದ ಆ ಶಾಸನ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಮರೆಯಲಿಲ್ಲ. ಇವರು ಪುಸ್ತಕ ಭಂಡಾರ ನೋಡಿಕೊಳ್ಳುವವರು. ಓಲೆಗರಿಗೆ ಹುಳ ಹಿಡಿಯುತ್ತದೆ, ಪ್ರತಿ ಮಾಡುವಾಗ ತಪ್ಪು ನುಸುಳುತ್ತದೆ, ಕೊಟ್ಟ ಪುಸ್ತಕ ಮರಳಿ ಬರುವುದಿಲ್ಲ. ಗ್ರಂಥ ಒಮ್ಮೆ ಬಂದರೆ ಸಾಲದು, ಅದನ್ನು ಉಳಿಸುವವರಿಗೂ ಜೀವನಕ್ಕೆ ಬೇಕು ಎಂದು ದತ್ತಿ ಕೊಟ್ಟವನಿಗೆ ತಿಳಿದಿತ್ತು.

ದಾನಶಾಸನಗಳಲ್ಲಿ ಇನ್ನೊಂದು ರೂಢಿಯಿದೆ. ಕೊಟ್ಟದ್ದರ ವಿವರ ಮುಗಿದ ಮೇಲೆ, ಇದನ್ನು ಕಸಿದವನಿಗೆ ಇಂಥ ಗತಿ ಎಂದು ಶಾಪದ ಮಾತು ಬರುತ್ತದೆ. ದಾನ ಎಲ್ಲರಿಗೂ ಸೇರಿದ್ದು, ಮುಂದೆ ಯಾರೊಬ್ಬರೂ ಅದನ್ನು ತಮ್ಮ ಸ್ವಂತಕ್ಕೆ ಹಾಕಿಕೊಳ್ಳಬಾರದು ಎಂಬ ಕಟ್ಟುಪಾಡು ಅದು.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿ, 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬರೆದಾಗ ಮಾಡಿದ್ದು ಇದನ್ನೇ. ಶಾಪದ ಜಾಗಕ್ಕೆ ಅವರು ಹಕ್ಕುಸ್ವಾಮ್ಯದ ಕಾನೂನನ್ನು ತಂದರು. ಈ ತಂತ್ರಾಂಶವನ್ನು ಬಳಸು, ಒಳಗೆ ಏನಿದೆ ಓದು, ತಿದ್ದು, ಹಂಚು. ತಿದ್ದಿ ಹಂಚುವುದಾದರೆ ಪಡೆದವರಿಗೂ ಇದೇ ಹಕ್ಕು ಕೊಡು. ಇಷ್ಟೇ ಅದರ ಸಾರ.

2. ಸಣ್ಣ ಆದೇಶಗಳ ದೊಡ್ಡ ಗುಣ

ಲಿನಕ್ಸ್ ಹುಟ್ಟಿದ ಇತಿಹಾಸವನ್ನು ಚುಟುಕಾಗಿ ಹೇಳುತ್ತೇನೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತವರ ಜೊತೆಗಾರರು ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಶುರು ಮಾಡಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ಅದೇ ಮಾದರಿಯ ವ್ಯವಸ್ಥೆಗೆ ತಿರುಳಾಗುವ ಲಿನಕ್ಸ್ ಕರ್ನೆಲ್ ಬರೆದು, ಮರುವರ್ಷ ಜಿಪಿಎಲ್ ಅಡಿಯಲ್ಲಿ ಬಿಟ್ಟುಕೊಟ್ಟರು. ಈ ಸಭೆಯಲ್ಲಿ ಆಂಡ್ರಾಯ್ಡ್ ಫೋನ್ ಇರುವ ಪ್ರತಿಯೊಬ್ಬರ ಜೇಬಿನಲ್ಲೂ ಆ ಕರ್ನೆಲ್ ಇದೆ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ.

ಯುನಿಕ್ಸ್‌ನಿಂದ ಕಲಿಯಬೇಕಾದ ಗುಣ ಒಂದಿದೆ. ಅಲ್ಲಿ ಒಂದೊಂದು ಆದೇಶ ಒಂದೊಂದೇ ಕೆಲಸ ಮಾಡುತ್ತದೆ, ಅಚ್ಚುಕಟ್ಟಾಗಿ ಮಾಡುತ್ತದೆ. ಡಗ್ ಮ್ಯಾಕಿಲ್ರಾಯ್ ಅವರ ಒತ್ತಾಯದಿಂದ 1973ರಲ್ಲಿ ಬಂದ ಪೈಪ್, ಒಂದು ಆದೇಶದ ಫಲವನ್ನು ಇನ್ನೊಂದರ ಕೈಗೆ ದಾಟಿಸುತ್ತದೆ. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಹೇಳುತ್ತೇನೆ. ವಚನಗಳ ಕಡತವೊಂದನ್ನು ತೆಗೆದುಕೊಳ್ಳಿರಿ. ಟಿಆರ್ ಆದೇಶದಿಂದ ಪದಗಳನ್ನು ಸಾಲಿಗೊಂದರಂತೆ ಬಿಡಿಸಿರಿ, ಸಾರ್ಟ್‌ನಿಂದ ಅಕಾರಾದಿಯಾಗಿ ಜೋಡಿಸಿರಿ, ಯೂನಿಕ್‌ನಿಂದ ಒಂದೇ ಪದ ಎಷ್ಟು ಸಲ ಬಂದಿದೆ ಎಣಿಸಿರಿ, ಮತ್ತೆ ಸಾರ್ಟ್‌ಗೆ ಕೊಟ್ಟು ಹೆಚ್ಚಿನದನ್ನು ಮೇಲಕ್ಕೆ ತನ್ನಿರಿ. ಒಂದೇ ಸಾಲಿನ ಆದೇಶದಲ್ಲಿ ಪದಪ್ರಯೋಗ ಕೋಶದ ಕರಡು ಸಿದ್ಧವಾಗುತ್ತದೆ. ಹಿಂದೆ ಇದಕ್ಕೆ ಚೀಟಿ ಬರೆದುಕೊಂಡು ವರ್ಷಗಟ್ಟಲೆ ಕೂತ ವಿದ್ವಾಂಸರಿದ್ದರು.

3. ಕನ್ನಡ ಕಡತಗಳ ಪಾಡು

ಈಗ ನಮ್ಮ ಭಾಷೆಯ ಮಾತಿಗೆ ಬರೋಣ. ಕನ್ನಡದಲ್ಲಿ ಟೈಪು ಮಾಡುವ ತಂತ್ರಾಂಶಗಳು ಬೇಗನೇ ಬಂದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವರೆಲ್ಲರ ಉಪಕಾರ ದೊಡ್ಡದು. ಆದರೆ ಆ ಕಾಲದ ಕಡತಗಳಲ್ಲಿ ಕನ್ನಡ ಅಕ್ಷರ ಇರುತ್ತಿರಲಿಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಫಾಂಟ್ ಮಾತ್ರ ಇರುತ್ತಿತ್ತು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ನಡುವೆ ಪೌಂಡಿನ ಗುರುತು ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತ್ತು. ಆದರೂ ಪಂಚಾಯಿತಿಯಿಂದ ವಿಶ್ವವಿದ್ಯಾಲಯದವರೆಗೆ ನಾವು ದಶಕಗಟ್ಟಲೆ ಹಳೆಯ ಫಾಂಟುಗಳಲ್ಲೇ ಬರೆದು ಗುಡ್ಡೆ ಹಾಕಿದೆವು. ಇವನ್ನು ಪರಿವರ್ತಿಸುವುದು ಸುಲಭವಲ್ಲ. ಹಳೆಯ ಕಡತದಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಕ್ರಮದಲ್ಲಿ, ವ್ಯಂಜನದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಅರವಿಂದ ವಿ.ಕೆ. ಅವರು ಇಂಥ ಪರಿವರ್ತಕವೊಂದನ್ನು ಬರೆದು ಒಳಗಿನ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟರು. ಗುಬ್ಬಿ, ನವಿಲು ಎಂಬ ಫಾಂಟುಗಳನ್ನು ಕೊಟ್ಟವರೂ ಅವರೇ. ಇಂಥ ಪರಿವರ್ತಕಗಳು ಇದ್ದುದರಿಂದ ಹಳೆಯ ಕನ್ನಡ ಕಡತಗಳಿಗೆ ಮರುಜೀವ ಬರುತ್ತಿದೆ.

ಅದರ ಫಲ ನಮ್ಮ ಕಲ್ಯಾಣದ ನಾಡಿಗೇ ಬಂದು ಮುಟ್ಟಿದೆ. ಓಂಶಿವಪ್ರಕಾಶ್ ಮತ್ತವರ ಗೆಳೆಯರ ಸಂಚಯ ಬಳಗ ಕಟ್ಟಿದ ‘ವಚನ ಸಂಚಯ’ದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಇನ್ನೊಂದು ಉದಾಹರಣೆ ‘ಅಲರ್’. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ತಯಾರಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಅದು. 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಮುಕ್ತ ಪರವಾನಗಿಯಲ್ಲಿ ಎಲ್ಲರ ಕೈಸೇರಿತು. ತಮ್ಮ ಬದುಕಿನ ಸಂಪಾದನೆಯನ್ನು ಹೀಗೆ ಕೊಟ್ಟವರನ್ನು ದತ್ತಿ ದಾನಿಗಳೆಂದೇ ನಾನು ಕರೆಯುತ್ತೇನೆ.

ಕಣ್ಣಿಗೆ ಕಾಣದ ದಾನವೂ ಇದೆ. ಫೋನಿನಲ್ಲಿ ‘ರಾಷ್ಟ್ರಕೂಟ’ ಎಂದು ಬರೆದಾಗ ಷಕಾರದ ಕೆಳಗೆ ಟಕಾರ, ರಕಾರ ಎರಡೂ ಸರಿಯಾಗಿ ಕೂರಬೇಕಲ್ಲವೇ? ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದನ್ನು ಮುಖ್ಯವಾಗಿ ಬೆಳೆಸಿದವರು ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್ಫಹ್ಬೋದ್.

4. ಲ್ಯಾಬಿನಲ್ಲಿ ಏನು ಮಾಡಬೇಕು

ಶಿಕ್ಷಕರಿಗೆ ಕೆಲವು ಸಲಹೆಗಳು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಬಹಳಷ್ಟು ಹಳೆಯ ಯಂತ್ರಗಳಲ್ಲಿ ಅದಿಲ್ಲ. ಅಂಥವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಹಾಕಿ ನೋಡಿರಿ.

ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿರಿ, ಹಾರ್ಡ್‌ಡಿಸ್ಕ್ ಮುಟ್ಟಬೇಡಿರಿ. ವೈಫೈ, ಧ್ವನಿ, ಪ್ರಿಂಟರ್ ನಡೆಯುತ್ತವೆಯೇ ಎಂದು ಖಾತ್ರಿ ಮಾಡಿಕೊಳ್ಳಿರಿ. ನಡೆದರೆ ಕಡತಗಳ ಪ್ರತಿ ತೆಗೆದಿಟ್ಟು ಆಮೇಲೆ ಅನುಸ್ಥಾಪನೆಗೆ ಕೈಹಾಕಿರಿ. 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು ಸಾಕು. ಉಬುಂಟು ಹಾಕುವುದಾದರೆ ಎಲ್‌ಟಿಎಸ್ ಎಂದು ಹೆಸರಿರುವುದನ್ನೇ ಆರಿಸಿರಿ, ಐದು ವರ್ಷ ಬೆಂಬಲವಿರುತ್ತದೆ. ಇಂಟರ್ನೆಟ್ ನಿಧಾನವಿರುವ ಊರಿಗೆ ಇದರಲ್ಲಿ ಒಂದು ಅನುಕೂಲವುಂಟು: ಒಬ್ಬರು ಒಮ್ಮೆ ಡೌನ್‌ಲೋಡ್ ಮಾಡಿದರೆ ಇಡೀ ತಾಲ್ಲೂಕಿಗೆ ಪ್ರತಿ ಹಂಚಬಹುದು, ಯಾವ ಕಾನೂನೂ ಅಡ್ಡಿಯಿಲ್ಲ. ಕಡತ ಕೆಟ್ಟಿಲ್ಲವೆಂದು ಚೆಕ್‌ಸಮ್ ತಾಳೆ ನೋಡಿಯೇ ಹಂಚಿರಿ.

ಕನ್ನಡ ಟೈಪಿಗೆ ಐಬಸ್ ಮತ್ತು ಎಂ17ಎನ್ ಸೇರಿಸಿಕೊಂಡರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಿಲ್ಲ. ಕಿವಿಕ್ಸ್ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಇಳಿಸಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಮಕ್ಕಳು ಓದಬಹುದು. ಗಣಿತಕ್ಕೆ ಜಿಯೋಜಿಬ್ರಾ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸ್ ಮೇಲೆ ಕಲಿಸುತ್ತಿವೆ. ನಮ್ಮಲ್ಲಿಯೂ ಪ್ರೌಢಶಾಲಾ ವಿಷಯ ಶಿಕ್ಷಕರ ವೇದಿಕೆಯ ತರಬೇತಿ ಉಬುಂಟು ಮೇಲೆಯೇ ನಡೆಯಿತು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಕಣಜವೂ ಹುಟ್ಟಿತು. ಅದನ್ನು ತೆರೆದು ನೋಡಿರಿ, ನಿಮ್ಮ ಪಾಠವನ್ನೂ ಸೇರಿಸಿರಿ.

ಎಲ್ಲ ಕಡೆ ಲಿನಕ್ಸ್ ಹಾಕಿಬಿಡಿ ಎಂದು ಮಾತ್ರ ನಾನು ಹೇಳುವುದಿಲ್ಲ. ಲೆಕ್ಕಪತ್ರ ಟ್ಯಾಲಿಯಲ್ಲಿದ್ದರೆ ಅದು ವಿಂಡೋಸ್‌ಗಾಗಿಯೇ ಮಾಡಿದ ತಂತ್ರಾಂಶ. ಡಿಜಿಟಲ್ ಸಹಿಯ ಟೋಕನ್‌ಗಳು ಲಿನಕ್ಸ್‌ನಲ್ಲಿ ಕೆಲವೊಮ್ಮೆ ಸತಾಯಿಸುತ್ತವೆ. ಕಚೇರಿಯಲ್ಲಿ ಅದಕ್ಕೊಂದು ವಿಂಡೋಸ್ ಯಂತ್ರ ಇರಲಿ. ಮುದ್ರಣಾಲಯದವರು ಒಗ್ಗಿದ ತಂತ್ರಾಂಶವನ್ನು ಒಮ್ಮೆಲೇ ಬಿಡಬೇಕಿಲ್ಲ. 2024ರಲ್ಲಿ ಬಂದ ಪುಟವಿನ್ಯಾಸದ ಮುಕ್ತ ತಂತ್ರಾಂಶ ಸ್ಕ್ರೈಬಸ್ 1.6 ಕನ್ನಡದಂಥ ಲಿಪಿಗಳನ್ನು ಸರಿಯಾಗಿ ಕೂರಿಸುತ್ತದೆ, ಒಂದು ಆಮಂತ್ರಣ ಪತ್ರಿಕೆಯಿಂದ ಶುರು ಮಾಡಲಿ. ಮೊದಲು ಬಿಡಬೇಕಾದದ್ದು ಹಳೆಯ ಫಾಂಟನ್ನು. ಯಾವ ವ್ಯವಸ್ಥೆಯಲ್ಲಾದರೂ ಕೆಲಸ ಮಾಡಿರಿ, ಬರಹ ಯೂನಿಕೋಡ್‌ನಲ್ಲಿರಲಿ.

5. ‘ಪುಕ್ಕಟ ಅದ ಅಂದ್ರ ಮೋಸ ಇರ್ತದಲ್ರಿ?’

ಈ ಪ್ರಶ್ನೆಯನ್ನು ಎಲ್ಲ ಊರಲ್ಲೂ ಕೇಳುತ್ತಾರೆ, ಕೇಳಬೇಕಾದದ್ದೇ. 2024ರ ಮಾರ್ಚ್ ಕೊನೆಯ ಘಟನೆಯೊಂದನ್ನು ಹೇಳುತ್ತೇನೆ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶ ಬಹುಪಾಲು ಲಿನಕ್ಸ್‌ಗಳಲ್ಲಿದೆ. ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದೆ. ದಣಿದಿದ್ದ ಅವರಿಗೆ ನೆರವಾಗುವ ನೆಪದಲ್ಲಿ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿ ಒಳಗೊಂದು ಕಳ್ಳಬಾಗಿಲು ಇಟ್ಟ. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರಾಯಂಡ್ ಎಂಬ ಇಂಜಿನಿಯರ್‌ಗೆ ಅನುಮಾನ ಬಂತು. ಬೆನ್ನುಹತ್ತಿ ಹುಡುಕಿ ಬಯಲಿಗೆಳೆದರು. ಅದು ಲೋಕವೆಲ್ಲ ಹಬ್ಬುವ ಮೊದಲೇ ಕಳ್ಳಬಾಗಿಲು ಮುಚ್ಚಿತು.

ಈ ಘಟನೆ ಮುಕ್ತ ತಂತ್ರಾಂಶದ ಬಲವನ್ನೂ ಬಲಹೀನತೆಯನ್ನೂ ತೋರಿಸಿತು. ಒಳಗನ್ನು ಬಗೆದು ನೋಡಲು ಹೊರಗಿನವರಿಗೂ ಅವಕಾಶವಿತ್ತು, ಆದ್ದರಿಂದ ಕಳವು ಸಿಕ್ಕಿತು. ಕಾಯಲು ಒಬ್ಬರೇ ಇದ್ದರು, ಆದ್ದರಿಂದ ಕಳ್ಳ ನುಗ್ಗಿದ. ತೆರೆದಿಟ್ಟ ಮಾತ್ರಕ್ಕೆ ಯಾವುದೂ ಸುರಕ್ಷಿತವಾಗುವುದಿಲ್ಲ. ಒಬ್ಬ ಭಂಡಾರಿ ಸಾಲದು ಎಂಬುದನ್ನು 1058ರ ಶಾಸನ ಬರೆಸಿದವನು ಅರಿತಿದ್ದ. ಇಂದಿನ ದೊಡ್ಡ ಕಂಪನಿಗಳು ಇದನ್ನು ಪೆಟ್ಟು ತಿಂದು ಕಲಿಯುತ್ತಿವೆ.

6. ನಮ್ಮ ಪಾಲು

ಹಾಗಾದರೆ ಸುಲೇಪೇಟದವರು ಮಾಡಬಹುದಾದದ್ದೇನು? ಭಂಡಾರಿಯಾಗಲು ಪ್ರೋಗ್ರಾಂ ಬರೆಯಲೇಬೇಕೆಂದಿಲ್ಲ. ತಂತ್ರಾಂಶದ ಮೆನುಗಳ ಕನ್ನಡ ಅನುವಾದದಲ್ಲಿ ತಪ್ಪಿದ್ದರೆ ತಿದ್ದಿ ಕಳಿಸಬಹುದು. ಕನ್ನಡ ಬರಹ ಎಲ್ಲಾದರೂ ಒಡೆದು ಕಂಡರೆ ಚಿತ್ರ ಸಹಿತ ವರದಿ ಮಾಡಬಹುದು. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಟೆಸರಾಕ್ಟ್, ಮುದ್ರಿತ ಕನ್ನಡ ಪುಟದ ಚಿತ್ರವನ್ನು ಹುಡುಕಬಲ್ಲ ಪಠ್ಯವಾಗಿ ಮಾಡುತ್ತದೆ. ಹಳೆಯ ಮೊಳೆ ಅಚ್ಚಿನ ಪುಟಗಳಲ್ಲಿ ಅದು ಇನ್ನೂ ಎಡವುತ್ತದೆ. ತಪ್ಪು ತಿದ್ದಲು ಕನ್ನಡ ಚೆನ್ನಾಗಿ ಬಲ್ಲವರು ಬೇಕು. ಇಂಜಿನಿಯರ್‌ಗಳಿಗಿಂತ ಕನ್ನಡ ಮೇಷ್ಟ್ರುಗಳೇ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಸಮಿತಿಯವರಲ್ಲಿ ಮೂರು ಕೋರಿಕೆಗಳಿವೆ. ಒಂದು, ಈ ಭಾಗದ ಶಾಸನ, ಜಾನಪದ, ತತ್ವಪದ ಕುರಿತ ಹಕ್ಕುಸ್ವಾಮ್ಯ ಮುಗಿದ ಒಂದು ಹಳೆಯ ಪುಸ್ತಕವನ್ನು ಪ್ರತಿ ವರ್ಷ ಸ್ಕ್ಯಾನ್ ಮಾಡಿ, ವಿದ್ಯಾರ್ಥಿಗಳಿಂದ ತಿದ್ದಿಸಿ ಕನ್ನಡ ವಿಕಿಸೋರ್ಸ್‌ಗೆ ಸೇರಿಸಿರಿ. ಎರಡು, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಇಬ್ಬರು ವಿದ್ಯಾರ್ಥಿಗಳಿಗೆ ದತ್ತಿಯ ಬಡ್ಡಿಯಲ್ಲಿ ಅಲ್ಪ ಗೌರವಧನ ಕೊಡಿರಿ; ಬಿಟ್ಟಿ ದುಡಿಮೆಯ ಮೇಲೆ ಏನೂ ಬಹಳ ದಿನ ನಿಲ್ಲುವುದಿಲ್ಲ. ಮೂರು, ಈ ಉಪನ್ಯಾಸವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸುವುದಾಗಿ ಹೇಳಿದ್ದೀರಿ. ಅದರ ಕಡತ ಯೂನಿಕೋಡ್‌ನಲ್ಲಿರಲಿ. ಯಾರು ಬೇಕಾದರೂ ನಕಲಿಸಬಹುದು, ತಿದ್ದಬಹುದು, ತಿದ್ದಿದ್ದನ್ನು ಇದೇ ಕಟ್ಟಳೆಯಲ್ಲಿ ಹಂಚಬೇಕು ಎಂದು ಒಳಪುಟದಲ್ಲಿ ನಮೂದಿಸಿರಿ. ಲೇಖಕನಾಗಿ ನನ್ನ ಒಪ್ಪಿಗೆ ಈಗಲೇ ಕೊಟ್ಟಿದ್ದೇನೆ.